ಮುಳುಗಲು ಒಪ್ಪದ ನಾಯಕಿ

ಸಿನಿಮಾದಲ್ಲಿ ಹರೆಯದ ಹುಡುಗಿಯರಿಗೆ ಕೊಡುವ ಕೆಲಸ ನನಗೆ ಬಾಯಿಪಾಠ. ಪುಸ್ತಕ ಬೀಳಿಸುವುದು, ನಾಚುವುದು, ನೀರಿಗೆ ಬೀಳುವುದು. ಎತ್ತಲು ಒಬ್ಬ ಹುಡುಗ ಬರಬೇಕು. ಅವನಿಗೋ ಹೆದರಿಕೆ ಎಂಬುದೇ ಇರಬಾರದು. ನೋಡಿದರೆ ಮೈ ಉರಿಯುತ್ತದೆ. ಆದರೆ ಅಂಥದ್ದೇ ಪಾತ್ರ ನನ್ನ ತಮ್ಮ ಭೂತಪ್ಪನ ಮಗಳು ಸ್ವಪ್ನಾಳಿಗೆ ಸಿಕ್ಕಾಗ ಊರೆಲ್ಲ ಹೇಳಿಕೊಂಡು ಬಂದವಳು ನಾನೇ!

ನಮ್ಮದು ಹೊಸನಗರ ತಾಲ್ಲೂಕಿನ ಹಿನ್ನೀರಿನ ದಡ. ಅಲ್ಲೇ ನನ್ನದೊಂದು ಚಹಾದಂಗಡಿ. ಹಳೆಯ ರಸ್ತೆ ಅಣೆಕಟ್ಟಿನ ನೀರಿನಡಿ ಹೋದ ಮೇಲೆ ನಮಗೆ ದೋಣಿಯೇ ಬಸ್ಸು. ಸ್ವಪ್ನಾ ಪಿಯುಸಿ ಓದುತ್ತಾಳೆ, ಕಾಲೇಜಿಗೆ ಹೋಗುವಾಗ ಹುಟ್ಟು ಹಾಕುವವಳೂ ಅವಳೇ. ಕಾಲೇಜಿನಲ್ಲಿ ಮಾತ್ರ "ಕಪ್ಪಗಿದ್ದಾಳೆ, ಗಂಡುಬೀರಿ" ಎಂದು ಅವಳನ್ನು ಆಡಿಕೊಳ್ಳುತ್ತಾರೆ. "ಒಂದ್ಸಲ ಪರದೆ ಮೇಲೆ ಬಂದ್ರೆ ಸಾಕು ಅತ್ತೆ, ಎಲ್ರೂ ಬಾಯಿ ಮುಚ್ಕೋತಾರೆ" ಎನ್ನುತ್ತಿದ್ದಳು. ಅದಕ್ಕೇ ಆ ಪಾತ್ರ ಸಿಕ್ಕಾಗ ನಾನು ಅಷ್ಟು ಹಿಗ್ಗಿದ್ದು.

ಕಿರುಚಿತ್ರ ಮಾಡಲು ಬಂದ ಸಾಗರದ ರವೀಶ್, ಅವಳು ದೋಣಿ ನಡೆಸುವುದನ್ನು ಕಂಡು ಅವಳನ್ನೇ ನಾಯಕಿ ಮಾಡಿದ. ದೋಣಿ ನಡೆಸುವವಳನ್ನೇ ಹುಡುಕಿ ನೀರಿಗೆ ಬೀಳಿಸುವುದು ಎಂಥ ಬುದ್ಧಿಯೋ! ನಾಯಕ ಅಶ್ವಿನ್, ಸಾಗರ ಪೇಟೆಯ ಹುಡುಗ, ಇವಳದೇ ವಯಸ್ಸು. ಇವಳು ದೋಣಿಯಿಂದ ಬಿದ್ದು "ಕಾಪಾಡಿ" ಎಂದು ಕೂಗಬೇಕು, ಅವನು ಹಾರಿ ಎತ್ತಬೇಕು.

ಹಿನ್ನೀರಿನ ಮನೆಗಳಲ್ಲಿ ಒಂದು ಕಟ್ಟಳೆ ಇದೆ. ನೀರಿನಲ್ಲಿ ಸುಳ್ಳು ಕೂಗು ಹಾಕಬಾರದು. ಕೂಗು ಕೇಳಿದವರು ಉಣ್ಣುತ್ತಿದ್ದರೂ ಕೈ ತೊಳೆಯದೆ ಓಡಿಬರಬೇಕು, ನೀರಿಗೆ ಹಾರಬೇಕು. ತಮಾಷೆಗೆ ಕೂಗಿದ ಮಕ್ಕಳಿಗೆ ಸರಿಯಾಗಿ ಏಟು ಬೀಳುತ್ತದೆ.

ಶೂಟಿಂಗ್ ದಿನ ಸ್ವಪ್ನಾ ಬಿದ್ದಳು. ಬಾಯಿ ಬಿಡಲಿಲ್ಲ, ಆರಾಮಾಗಿ ಈಜಿಕೊಂಡು ದಡಕ್ಕೆ ಬಂದಳು. ಮತ್ತೊಮ್ಮೆ ಬೀಳಿಸಿದರು. ಮತ್ತೆ ಅದೇ ಕಥೆ.

ಅಶ್ವಿನ್ ಕೂತಿದ್ದ ದೋಣಿಯನ್ನು ದಡಕ್ಕೆ ಕರೆಸಿ ರವೀಶ್ ರೇಗಿದ. "ಅಯ್ಯೋ ಮಾರಾಯ್ತಿ, ಮುಳುಗೋಕೆ ಎಂತ ಕಷ್ಟ ನಿಂಗೆ? ಆಗಲ್ಲ ಅಂದ್ರೆ ಹೇಳು, ನಿನ್ನ ಬದ್ಲು ಸಾಗರದಿಂದ ಧನ್ಯಶ್ರೀನ ಕರೆಸ್ತೀನಿ."

ಅದು ನನ್ನ ಕಿವಿಗೆ ಬಿತ್ತು. ಅಂಗಡಿ ಬಿಟ್ಟು ಓಡಿದೆ. "ಏ ಹುಡುಗಿ, ಸಿನಿಮಾಕ್ಕೆ ಕೂಗಿದ್ರೆ ತಪ್ಪಿಲ್ಲ. ಇವತ್ತೊಂದಿನ ಕೂಗೇ, ನಿಮ್ಮಪ್ಪಂಗೆ ನಾನ್ ಹೇಳ್ತೀನಿ."

ಅವಳ ಕಣ್ಣು ತುಂಬಿತ್ತು. "ಅದಕ್ಕಲ್ಲ ಅತ್ತೆ. ನಾನು ಕೂಗಿದ್ರೆ ಅವನು ಹಾರ್ತಾನೆ."

"ಹಾರ್ಲಿ ಬಿಡು! ಅವನನ್ನ ಕರ್ಕೊಂಡ್ ಬಂದಿರೋದು ಮತ್ತೆಂತಕ್ಕೆ?"

ರವೀಶ್ ಫೋನ್ ತೆಗೆದು ಧನ್ಯಶ್ರೀಯ ನಂಬರು ಹುಡುಕತೊಡಗಿದ. ಕೈಗೆ ಬಂದದ್ದನ್ನು ಈ ಹುಡುಗಿ ಒದೆಯುತ್ತಿದ್ದಾಳಲ್ಲ ಎಂದು ಸಿಟ್ಟು ನೆತ್ತಿಗೇರಿ ಬಾಯಿಗೆ ಬಂದಂತೆ ಬೈದೆ. ಅವಳು ತಲೆ ತಗ್ಗಿಸಿ ಒದ್ದೆ ಜಡೆ ಹಿಂಡಿಕೊಳ್ಳುತ್ತಿದ್ದಳು.

ಆಗ ಅಶ್ವಿನ್ ದೋಣಿಯಿಂದ ಇಳಿದು ಬಂದ. "ರವೀಶಣ್ಣ, ಫೋನ್ ಮಾಡ್ಬೇಡಿ. ನಂಗೆ ಈಜು ಬರಲ್ಲ."

ರವೀಶ್ ಅವನತ್ತ ತಿರುಗಿದ.

"ಹೀರೋ ಆಗಿ ಹೆಂಗ್ ಹೇಳೋದು ಅಂತ ಸುಮ್ನಿದ್ದೆ. ದೋಣೀಲಿ ನನ್ನ ಕೈ ನಡುಗೋದು ಇವಳು ನೋಡಿದ್ಲು. ಇವಳು ಕೂಗಿದ್ರೆ ಹಾರೇಬಿಡ್ತಿದ್ದೆ ಅಣ್ಣ. ಎಲ್ರೂ ನೋಡ್ತಿದ್ರಲ್ಲ."

ಹಾರಲಿ ಬಿಡು ಎಂದವಳು ನಾನೇ! ರವೀಶ್ ಫೋನ್ ಜೇಬಿಗಿಟ್ಟು ಅಲ್ಲೇ ಕಲ್ಲಿನ ಮೇಲೆ ಕುಳಿತ. ಸ್ವಪ್ನಾಳನ್ನು ಕೇಳಿದ, "ಈಗೆಂತ ಮಾಡೋದು?"

"ಇವನಿಗೆ ಈಜು ಕಲಿಸ್ತೀನಿ. ಬೇಕಾದ್ರೆ ಅದನ್ನೇ ತೆಗೀರಿ."

ಅದನ್ನೇ ತೆಗೆದರು. ಕಾಲೇಜಿನ ಸಭಾಂಗಣದಲ್ಲಿ ತೋರಿಸಿದ ದಿನ ನಾನೂ ಹೋಗಿದ್ದೆ. ಪರದೆಯ ಮೇಲೆ ಅಶ್ವಿನ್ ನೀರು ಕುಡಿದು ಕೆಮ್ಮುತ್ತ "ಬಿಡ್ಬೇಡ, ಹೆದ್ರಿಕೆ ಆಗ್ತದೆ" ಎಂದಾಗ ಹುಡುಗರು ಗೊಳ್ಳೆಂದರು. ಸ್ವಪ್ನಾ ನಗಲಿಲ್ಲ. ಅವನ ಹೊಟ್ಟೆಯಡಿ ಕೈಕೊಟ್ಟು "ಬಿಡಲ್ಲ, ಕಾಲು ಬಡಿ" ಎಂದಳು. ಅವನು ಬಡಿದ. ನಿಧಾನವಾಗಿ ಸಭಾಂಗಣದ ನಗು ನಿಂತಿತು.

ಚಿತ್ರ ಮುಗಿದ ಮೇಲೆ ಕಾಲೇಜಿನ ಕಬಡ್ಡಿ ತಂಡದ ರಾಜು, ಮೀಸೆ ತಿರುವುವ ಗಡವ, ನೇರ ಸ್ವಪ್ನಾಳ ಹತ್ತಿರ ಬಂದ. ಆಡಿಕೊಳ್ಳಲು ಬಂದನೆಂದು ನಾನು ಸೆರಗು ಸಿಕ್ಕಿಸಿ ನಿಂತೆ. ಅವನು ಎಲ್ಲರಿಗೂ ಕೇಳುವಂತೆಯೇ ಹೇಳಿದ:

"ನಂಗೂ ಬರಲ್ಲ ಕಣೆ. ಕಲಿಸ್ತೀಯಾ?"

"ಭಾನುವಾರ ಬಾ" ಎಂದಳು. ಅವನ ಹಿಂದೆ ಇನ್ನಿಬ್ಬರು ಬಂದು ನಿಂತಿದ್ದರು.