ಚಪ್ಪಡಿಯ ಮೇಲಿನ ನೀರಿನ ಎತ್ತು

ಮದ್ದೂರಿನ ಕಡೆಗೆ ನಾಲೆಯ ನೀರು ಹೊಸದಾಗಿ ಬಂದಿದ್ದ ದಿನಗಳು ಅವು. ಎಲ್ಲರ ಗದ್ದೆಯಲ್ಲೂ ಕಬ್ಬು, ಮಕ್ಕಳೆಲ್ಲರ ಬಾಯಲ್ಲೂ ಕಬ್ಬು. ಸಂಕ್ರಾಂತಿ ಹತ್ತಿರವಾಯಿತೆಂದರೆ ನಮ್ಮ ಹಳ್ಳಿಯ ಮನೆಗಳ ಒಳಗೆ ಬೇಯುವ ಗೆಣಸಿನ ವಾಸನೆ, ಹೊರಗೆ ನೆನೆಸಿಟ್ಟ ಕೆಮ್ಮಣ್ಣಿನ ವಾಸನೆ. ಆ ಕೆಮ್ಮಣ್ಣಿನ ವಾಸನೆ ಎಲ್ಲಾದರೂ ಮೂಗಿಗೆ ಬಡಿದರೆ ನನಗೆ ಈಗಲೂ ಮೊದಲು ಬರುವುದು ಸಿಟ್ಟು.

ಗೋಡೆಗೆ ಸುಣ್ಣ ಬಳಿದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ ಎಳೆದು, ಬಾಗಿಲ ಎರಡೂ ಬದಿ ಒಂದೊಂದು ಎತ್ತು ಬರೆಯುವುದು ನಮ್ಮ ಮನೆಯ ಪದ್ಧತಿ. ಬರೆಯುತ್ತಿದ್ದವಳು ಅಜ್ಜಿ. ಅವಳ ಎತ್ತುಗಳು ಮೇಕೆಯ ಹಾಗೆ ಕಾಣುತ್ತಿದ್ದವು, ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ನನಗೆ ಎಂಟು ವರ್ಷ. ಬೂದಿಯಲ್ಲಿ, ಮರಳಲ್ಲಿ ಬರೆದೂ ಬರೆದೂ ಎತ್ತು ನನ್ನ ಬೆರಳಿಗೆ ಕೂತುಬಿಟ್ಟಿತ್ತು. ಕಾಡಿಬೇಡಿ, ಆ ವರ್ಷ ಒಂದು ಎತ್ತು ನನ್ನದು ಎಂದು ಅಜ್ಜಿಯಿಂದ ಮಾತು ತೆಗೆದುಕೊಂಡಿದ್ದೆ.

ಅಡ್ಡ ಬಂದವನು ತಮ್ಮ ಪುಟ್ಟ, ಎರಡು ವರ್ಷದ ಕೂಸು. ದೀಪಾವಳಿಯಲ್ಲಿ ಸುಣ್ಣದ ಗಡಿಗೆಗೆ ಕೈಹಾಕಿ, ಬಾಯಿಗಿಟ್ಟುಕೊಂಡು, ಊರನ್ನೇ ಒಂದು ಮಾಡಿದ್ದ.

"ಕೂಸ್ನ ಬಣ್ಣದ್ ತಾವ ಬುಡಬೇಡ ಕಣೆ," ಎಂದಳು ಅಜ್ಜಿ. "ಅವ್ನು ಸುಮ್ಕೆ ಆಡ್ಕೊಂಡಿದ್ರೆ ನೀನ್ ಬಂದು ಬರ್ಕೊ."

ನನಗೊಂದು ಉಪಾಯ ಹೊಳೆಯಿತು. ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿ, ಈಚಲ ಕಡ್ಡಿಯ ತುದಿ ಜಜ್ಜಿ ಕುಂಚ ಮಾಡಿ, ಅಂಗಳದ ಚಪ್ಪಡಿಕಲ್ಲಿನ ಮುಂದೆ ಅವನನ್ನು ಕೂರಿಸಿದೆ. ಬಟ್ಟೆಗೆ ಕಲೆಯಿಲ್ಲ, ಕಣ್ಣಿಗೆ ಉರಿಯಿಲ್ಲ. ಬಿಸಿಲಿಗೆ ಬೆಳ್ಳಗಿದ್ದ ಕಲ್ಲಿನ ಮೇಲೆ ನೀರು ಕಪ್ಪಗೆ ಮೂಡಿದ್ದೇ ತಡ, ಪುಟ್ಟ ಕೇಕೆ ಹಾಕಿದ. ನಾನು ಗೋಡೆಯತ್ತ ಓಡಿದೆ. ಕೆಮ್ಮಣ್ಣಿನಲ್ಲಿ ಬೆರಳು ಅದ್ದುವಷ್ಟರಲ್ಲಿ ಬಿಸಿಲು ಅವನ ಚಿತ್ರ ಕುಡಿದಿತ್ತು.

"ಓತು! ಅಕ್ಕಾ, ಓತು!" ಎಂದು ಕಿರುಚಾಟ.

ಹೋಗಿ ಒಂದು ಗುಬ್ಬಿ ಬರೆದುಕೊಟ್ಟೆ. ಎದ್ದೆ. ಗುಬ್ಬಿ ಆರಿತು, ಅಳು. ಗಾಡಿಯ ಚಕ್ರ ಬರೆದೆ. ಅದೂ ಆರಿತು, ಮತ್ತೆ ಅಳು. ಅವ್ವ ಒಳಗಿನಿಂದ, "ಕೂಸ್ನ ಯಾಕೆ ಅಳುಸ್ತೀಯೆ?" ಎಂದು ನನ್ನನ್ನೇ ಬಯ್ದಳು. ಅಳಿಸುತ್ತಿದ್ದದ್ದು ನಾನೋ, ಬಿಸಿಲೋ?

ಕೊನೆಗೆ ರೋಸಿಹೋಗಿ ಆ ಕಲ್ಲಿನ ಮೇಲೇ ನನ್ನ ಎತ್ತನ್ನು ಬರೆದುಬಿಟ್ಟೆ. ಕೊಂಬು ಎತ್ತಿ, ಮುಂಗಾಲು ಮಡಿಸಿ, ಇನ್ನೇನು ಎದ್ದೇಳುವಂಥ ಎತ್ತು. ಅಂಥದ್ದು ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಪುಟ್ಟ ಅಳು ಮರೆತು ಅದನ್ನೇ ನೋಡುತ್ತ, "ಅಂಬಾ," ಎಂದ.

"ಅಜ್ಜೀ, ಬ್ಯಾಗ ಬಾ! ನೋಡ್ಬಾ!"

"ಬತ್ತೀನಿ ಇರವ್ವ."

ಸೊಂಟ ಹಿಡಿದುಕೊಂಡು ಅವಳು ಬರುವಷ್ಟರಲ್ಲಿ ಕಲ್ಲಿನ ಮೇಲೆ ಒಂದು ಗೊರಸು ಮಾತ್ರ ಉಳಿದಿತ್ತು. ನೋಡುತ್ತಿದ್ದಂತೆ ಅದೂ ಹೋಯಿತು.

"ಏನೈತೆ ಇಲ್ಲಿ? ಬರೀ ಕಲ್ಲು."

ತಿರುಗಿ ನೋಡಿದೆ. ಬಾಗಿಲಿನ ಎರಡೂ ಬದಿ ಎರಡು ಮೇಕೆಗಳು ನಿಂತಿದ್ದವು. "ಒತ್ತಾಯ್ತು, ನಾನೇ ಬರ್ದೆ ಕಣವ್ವ. ಮುಂದಿನ್ ಸಂಕ್ರಾಂತಿಗೆ ನೀನ್ ಬರ್ದೀಯಂತೆ," ಎಂದಳು. ಅಷ್ಟಕ್ಕೇ ಬಿಡದೆ ಪುಟ್ಟನನ್ನು ಎತ್ತಿಕೊಂಡು, ಉಳಿದ ಕೆಮ್ಮಣ್ಣಿಗೆ ಅವನ ಅಂಗೈ ಅದ್ದಿ, ಬಾಗಿಲ ಪಕ್ಕದ ಬಿಳಿ ಗೋಡೆಗೆ ಒತ್ತಿಸಿದಳು!

"ಕೂಸಿಗೆ ಬಣ್ಣ ಬ್ಯಾಡ ಅಂತ ನೀನೇ ಅಂದಿದ್ದೆ?" ಎಂದು ಕೂಗಿದೆ.

"ಸುಣ್ಣ ಸುಡ್ತದೆ. ಕೆಮ್ಮಣ್ಣು ಏನ್ ಮಾಡ್ತದೆ ಬುಡು."

ಹಾಗಾದರೆ ಬೆಳಗಿನಿಂದ ನಾನು ಅವನ ಜೊತೆ ನೀರಿನ ಮುಂದೆ ಕೂತದ್ದು ಯಾಕೆ? ನನ್ನ ಪ್ರಶ್ನೆ ಯಾರಿಗೂ ಬೇಕಿರಲಿಲ್ಲ. ಹಬ್ಬಕ್ಕೆ ಎಳ್ಳುಬೆಲ್ಲ ಕೊಡಲು ಬಂದವರೆಲ್ಲ ಆ ಪುಟ್ಟ ಅಂಗೈ ನೋಡಿ, "ಎಷ್ಟ್ ಚೆಂದಾಗೈತೆ ಕಣವ್ವ," ಎಂದು ಹೋದರು.

ಮುಂದಿನ ಸಂಕ್ರಾಂತಿಗೆ ತೊಟ್ಟಿಲಲ್ಲಿ ಇನ್ನೊಂದು ಕೂಸಿತ್ತು. ಆಮೇಲೆ ನನ್ನ ಮದುವೆಯಾಯಿತು. ಅತ್ತೆಮನೆಯ ಗೋಡೆ ಅತ್ತೆಯದು. ಈಗ ಮೊಮ್ಮಕ್ಕಳಿಗೆ ಬಣ್ಣದ ಡಬ್ಬಿಗಳಿವೆ, ಬರೆದದ್ದು ಬರೆದ ಹಾಗೇ ಉಳಿಯುತ್ತದೆ. ಆ ಗೋಡೆಯಿಲ್ಲ, ಅಜ್ಜಿಯ ಮೇಕೆಗಳೂ ಇಲ್ಲ. ಚಪ್ಪಡಿಯನ್ನು ಯಾರೋ ಬಚ್ಚಲಿಗೆ ಹಾಸಿದರು.

ನನ್ನ ಎತ್ತನ್ನು ನೋಡಿದವನು ಈ ಲೋಕದಲ್ಲಿ ಒಬ್ಬನೇ. ಮೊನ್ನೆ ಹಬ್ಬಕ್ಕೆ ಬಂದಿದ್ದ ಪುಟ್ಟನನ್ನು, ತಲೆ ಪೂರ್ತಿ ನರೆತ ಪುಟ್ಟನನ್ನು, ತಡೆಯಲಾರದೆ ಕೇಳಿಯೇಬಿಟ್ಟೆ.

ಗೆಣಸು ಸುಲಿಯುತ್ತ ಅವನು ಹೇಳಿದ: "ಯಾವ್ ಎತ್ತಕ್ಕಾ? ನಂಗೊಂಚೂರೂ ನೆಪ್ಪಿಲ್ಲ ಕಣಕ್ಕ."