ಕೃಷ್ಣಾ ನದಿಗೆ ಸೀರೆ ನೇಯ್ದದ್ದು

೨೦೦೩ರಲ್ಲಿ, ಏಳನೇ ತರಗತಿಯ ನಡುವೆ, ನಾನು ಓದು ಬಿಟ್ಟೆ. ನಾರಾಯಣಪೇಟೆಯ ನಮ್ಮ ಮನೆಯಲ್ಲಿ ಮಗ್ಗ ಎರಡಿದ್ದವು, ಕೂರುವವನು ಅಪ್ಪ ಒಬ್ಬನೇ. ಇನ್ನೊಂದಕ್ಕೆ ನಾನು ಇಳಿದೆ.

ಮನಸ್ಸಿಟ್ಟು ನೇಯ್ದೆ. ಎಳೆ ತಪ್ಪಿದೆ ಎಂದು ನನ್ನ ಸೀರೆಯನ್ನು ಯಾವ ಸಾಹುಕಾರನೂ ವಾಪಸ್ ಕಳಿಸಲಿಲ್ಲ. ಆದರೆ ಕಾಲು ಮೆಟ್ಟು ತುಳಿಯುತ್ತಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಮಗ್ಗದ ತಾಳಕ್ಕೆ ಹುಚ್ಚು ಹಾಡು ಕಟ್ಟುತ್ತಿದ್ದೆ. ಒಂದರಲ್ಲಿ ಮೇಕೆಯೊಂದು ತಹಸೀಲ್ದಾರನಾಗಿ, ಬಂದ ಅರ್ಜಿಗಳನ್ನೆಲ್ಲ ತಿಂದು "ಮಂಜೂರ್" ಅನ್ನುತ್ತಿತ್ತು. ಇನ್ನೊಂದರಲ್ಲಿ ಕೃಷ್ಣಾ ನದಿ ನಮ್ಮ ಬಾಗಿಲಿಗೆ ಬಂದು, ಹೊಸ ರಾಜ್ಯ ಬಂತು, ನನಗೂ ಹೊಸ ಸೀರೆ ಬೇಕು ಎಂದು ಹಟ ಹಿಡಿಯುತ್ತಿತ್ತು. ಅಳತೆ ತೆಗೆಯಹೋದರೆ ಒಂದು ಗಳಿಗೆ ನಿಲ್ಲುತ್ತಿರಲಿಲ್ಲ.

ತೆಲಂಗಾಣ ರಾಜ್ಯ ಬಂದ ಮರುವರ್ಷ, ಈ ಹಾಡನ್ನೇ ಕಸುಬು ಮಾಡಿಕೊಳ್ಳುತ್ತೇನೆ ಎಂದು ಅಪ್ಪನಿಗೆ ಹೇಳಿದೆ.

"ಮಂದಿ ನಗಸಾಕ ಮಗ್ಗ ಬಿಡ್ತಿಯೇನಲೇ?"

"ಕೈ ಚಾಚಾಕ ಹೊಂಟಿಲ್ಲಪ್ಪಾ. ದುಡಿಯಾಕ ಹೊಂಟೀನಿ."

ನಮ್ಮಲ್ಲಿ ಮಗ್ಗಕ್ಕೆ ಏರಿಸುವ ಉದ್ದನೆಯ ನೂಲಿಗೆ ಹಾಸು ಅನ್ನುತ್ತೇವೆ. ಒಂದು ಹಾಸಿನಲ್ಲಿ ಎಂಟು ಸೀರೆ; ಒಂದೊಂದು ಮುಗಿದಂತೆ ಅದನ್ನು ಕೊಯ್ದು ತೆಗೆಯುತ್ತೇವೆ. ಎಂಟೂ ಮುಗಿಯುವವರೆಗೆ ಅದನ್ನು ಇಳಿಸುವಂತಿಲ್ಲ. ನನ್ನ ಮಗ್ಗದ ಮೇಲೆ ಹಾಸು ಆಗಷ್ಟೇ ಏರಿತ್ತು.

"ಇದನ್ನ ನಾನ ಮುಗಸ್ತೀನಿ," ಅಂದ ಅಪ್ಪ. "ಎಂಟನೇ ಸೀರಿ ಕೊಯ್ಯೋದ್ರೊಳಗ, ನಿನ್ನ ಹಾಡು ಕೇಳಿದವ್ರು ಒಬ್ಬರಾದ್ರೂ ಮತ್ತ ಕರೀಬೇಕು. ಕರೀಲಿಲ್ಲಂದ್ರ ಬಂದು ಕುಂದ್ರು. ಮುಂದ ಹಾಡಿನ ಮಾತು ತೆಗೀಬ್ಯಾಡ."

ಹಾರ್ಮೋನಿಯಂ ಒಂದನ್ನು ಹೊಂದಿಸಿಕೊಂಡು, ಬಾರಿಸುವುದು ಕೈಗೆ ಹತ್ತುವಷ್ಟರಲ್ಲಿ ಆರು ಸೀರೆ ಮುಗಿದಿದ್ದವು. ಅದನ್ನು ಹೊತ್ತು ಹತ್ತಿರದ ಮಕ್ತಲ್‌ಗೆ ಹೋದೆ. ಬಜಾರಿನ ಕಟ್ಟೆಯ ಮೇಲೆ ಮೇಕೆಯ ಹಾಡು ಹೇಳಿದೆ. ಜನ ನಕ್ಕರು. ಮುಗಿದ ಮೇಲೂ ಯಾರೂ ಕದಲಲಿಲ್ಲ. ನನ್ನ ಎದೆ ಉಬ್ಬಿತು. ಆಗ ಒಬ್ಬ ಮುದುಕ ಮುಂದೆ ಬಂದ.

"ಹಾಡು ಚಲೋ ಆತ್ರೀ. ಔಷಧ ಯಾವಾಗ ತೆಗೀತೀರಿ? ಮೊಣಕಾಲು ಭಾಳ ನೋಯಾಕ ಹತ್ಯಾವು."

"ಔಷಧ ಇಲ್ರೀ ಯಜಮಾನ್ರ. ಬರೇ ಹಾಡು."

"ಬರೇ ಹಾಡಿಗೆ ಇಷ್ಟೊತ್ತು ನಿಂದ್ರಿಸಿದ್ರ್ಯಾ!"

ಆ ಬಜಾರಿನಲ್ಲಿ ಹಾರ್ಮೋನಿಯಂ ಬಾರಿಸಿದವರೆಲ್ಲ ಔಷಧ ಮಾರುವವರೇ. ಮತ್ತೆ ಬಾ ಎಂದು ಯಾರೂ ಅನ್ನಲಿಲ್ಲ. ಮನೆಗೆ ಬಂದಾಗ ಅಪ್ಪ ಏಳನೇ ಸೀರೆ ಕೊಯ್ಯುತ್ತಿದ್ದ.

ರಾಜ್ಯ ಬಂದ ದಿನದ ನೆನಪಿಗೆ ಗದ್ವಾಲದ ನೇಕಾರರು ಸಭೆ ಇಟ್ಟಿದ್ದರು. ಹೋಗಿ ಕೇಳಿದೆ, ಊಟಕ್ಕೆ ಮುಂಚೆ ಸ್ವಲ್ಪ ಹೊತ್ತು ಕೊಟ್ಟರು. ನದಿಯ ಹಾಡು ಹಿಡಿದೆ, ಅರ್ಧ ತೆಲುಗು, ಅರ್ಧ ಕನ್ನಡ. ಊರವರ ಮನಸ್ಸು ಗೆಲ್ಲಲು, ನನಗೆ ಗದ್ವಾಲದ ಅಂಚೇ ಬೇಕು ಎಂದು ನದಿಯ ಬಾಯಲ್ಲಿ ಹಾಡಿಸಿದೆ. ಕೈ ಹಾರ್ಮೋನಿಯಂ ಮೇಲೆ, ಕಾಲು, ಅಲ್ಲಿ ಇಲ್ಲದ ಮಗ್ಗದ ಮೆಟ್ಟಿನ ಮೇಲೆ. ಲಾಳಿ ಎಸೆದಂತೆ ಗೋಣು ಹೊರಳಿಸುತ್ತಿದ್ದೆ. ಒಬ್ಬರೂ ನಗಲಿಲ್ಲ. ಎಲ್ಲರೂ ನನ್ನ ಪಕ್ಕದ ಖಾಲಿ ಜಾಗ ನೋಡುತ್ತಿದ್ದರು.

ಮುಂದಿನ ಸಾಲಿನ ಮುದುಕಿಯೊಬ್ಬಳು ತಡೆಯಲಾರದೆ ಕೇಳಿದಳು: "ಅಂಚಿನ ಕಡಿ ಯಾರ ಕುಂತಾರೋ ತಮ್ಮಾ?"

ಆಗ ತಪ್ಪು ಹೊಳೆಯಿತು. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೂಡಿಸಲು ಮಗ್ಗಕ್ಕೆ ಇಬ್ಬರು ಕೂರುತ್ತಾರೆ. ನಾನು ನಮ್ಮೂರಿನ ಹಾಗೆ ಒಬ್ಬನೇ ಕೂತಿದ್ದೆ. ನದಿ ಬಾಗಿಲಿಗೆ ಬಂದದ್ದನ್ನು ಅವರು ನಂಬಿದ್ದರು, ಇದನ್ನು ನಂಬಲಿಲ್ಲ.

"ಯಾರೂ ಇಲ್ಲ ಯವ್ವಾ. ನೀ ಬರ್ತಿಯೇನು?"

"ಕೂಲಿ ಯಾರ ಕೊಡ್ತಾರ?"

"ನದಿ ಕೊಡ್ತೈತಿ."

"ಅದು ನಿಂದ್ರೋ ಪೈಕಿ ಅಲ್ಲ. ಮೊದಲ ಮುಂಗಡ ಕೊಡ್ಸು!"

ಸಭೆ ಗೊಳ್ಳೆಂದಿತು. ಮುದುಕಿ ಸೆರಗು ಸಿಕ್ಕಿಸಿ ಬಂದು ಪಕ್ಕದಲ್ಲಿ ಕೂತಳು. ನಾನು ಗೋಣಿನಿಂದ ಎಸೆದ ಲಾಳಿಯನ್ನು ಗಾಳಿಯಲ್ಲೇ ಹಿಡಿದು ತಿರುಗಿ ಎಸೆದಳು. ಹಾಡಿನ ವೇಗ ಏರಿಸಿದರೆ, "ತಡಿಯೋ, ಎಳಿ ಕಡೀತು!" ಎಂದು ಗದರುತ್ತಿದ್ದಳು. ಅವಳು ಗಂಟು ಹಾಕುವವರೆಗೆ ನಾನು ಅದೇ ಸ್ವರ ಹಿಡಿದು ಕೂರಬೇಕು. ಅವಳೋ, ಬೇಕೆಂದೇ ನಿಧಾನ. "ನನ್ನ ಕೂಡೋ ತಂಗಿ ಹೊಳಿ ಆಲಂಪುರದಾಗ ಕಾಯಾಕ ಹತ್ಯಾಳ, ಲಗೂ ಮಾಡ್ರೋ," ಎಂದು ಹಾಡಿನಲ್ಲಿ ನದಿ ಗೋಗರೆಯಿತು. ಬಡಿಸಲು ನಿಂತವರು ಸೌಟು ಹಿಡಿದುಕೊಂಡೇ ಒಳಗೆ ಬಂದರು.

ಊಟಕ್ಕೆ ಕೂತಾಗ ಹಿರಿಯರೊಬ್ಬರು ಬಂದರು. "ಬರೋ ತಿಂಗಳು ನಮ್ಮನ್ಯಾಗ ಮದುವಿ ಐತಿ, ಬರ್ರಿ. ನಿಮ್ಮ ಜೋಡಿ ಕುಂತ ಆಯಿನೂ ಬರಲಿ."

ಸಂಜೆ ಮನೆ ಮುಟ್ಟಿದಾಗ ಅಪ್ಪ ಎಂಟನೇ ಸೀರೆಯ ಸೆರಗಿನಲ್ಲಿದ್ದ. ಲಾಳಿ ನಿಲ್ಲಿಸಲಿಲ್ಲ.

"ಕರದ್ರೇನು?"

"ಕರದ್ರಪ್ಪಾ."

"ಹಂಗಾದ್ರ ಈ ಮಗ್ಗಕ್ಕ ಬ್ಯಾರೆ ಆಳು ನೋಡ್ತೀನಿ," ಅಂದ. ಲಾಳಿ ಇನ್ನೊಮ್ಮೆ ಎಸೆದು, "ನದಿ ಸೀರಿಗೆ ಏನ್ ಬಣ್ಣ ಹಾಕ್ದಿ?" ಎಂದು ಕೇಳಿದ.

ಅಂದಿನಿಂದ ಎಲ್ಲಿ ಹಾಡಿದರೂ ಎರಡು ಕುರ್ಚಿ ಹಾಕುತ್ತೇನೆ; ಎರಡನೆಯದಕ್ಕೆ ಮುಂದೆ ಕೂತವರಲ್ಲೇ ಒಬ್ಬರನ್ನು ಕರೆಯುತ್ತೇನೆ. ಈಗ ನನ್ನ ಹತ್ತಿರ ಒಂದು ಹಾರ್ಮೋನಿಯಂ ಇದೆ, ಹನ್ನೊಂದು ಹಾಡುಗಳಿವೆ, ಮಡಚುವ ಕುರ್ಚಿ ಎರಡಿವೆ. ಮನೆಯಲ್ಲಿ ಮಗ್ಗ ಎರಡು, ಎರಡೂ ನಡೆಯುತ್ತಿವೆ.