ಹುಳಿಯಿಲ್ಲದ ಪುಂಡಿ

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ಮಗಳು ಹೆತ್ತಳು. ಹೆಣ್ಣು ಕೂಸು. ಹೊಸಪೇಟೆಯ ಆಸ್ಪತ್ರೆಯಲ್ಲಿ ನರ್ಸಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ವಾರ್ಡಿನಲ್ಲಿದ್ದ ಗುರುತಿಲ್ಲದವರಿಗೆಲ್ಲ ಸಕ್ಕರೆ ಹಂಚಿದೆ. ಅವರ ಕೂಸುಗಳನ್ನೂ ಎತ್ತಿ ಮುದ್ದಾಡಿದೆ. "ಯವ್ವಾ, ಇದು ನಮ್ದು. ನಿಮ್ದು ಆ ಮಂಚದಾಗೈತಿ ನೋಡ್ರಿ," ಎಂದು ಒಬ್ಬಾಕೆ ತನ್ನ ಕೂಸನ್ನು ನನ್ನ ಕೈಯಿಂದ ಬಿಡಿಸಿಕೊಳ್ಳಬೇಕಾಯಿತು. ಮುಂದಿನ ಮೂರು ತಿಂಗಳೂ ನಾನು ಹಾಗೆಯೇ ಇದ್ದೆ. ಕೂಸಿನ ಮುಖ ಬಿಟ್ಟರೆ ಬೇರೇನೂ ಸರಿಯಾಗಿ ಕಾಣುತ್ತಿರಲಿಲ್ಲ.

ಅಳಿಯ ದೋಣಿಮಲೈಯ ಗಣಿಯಲ್ಲಿ ಕೆಲಸದಲ್ಲಿದ್ದಾನೆ. ಬಾಣಂತನಕ್ಕೆ ಮಗಳನ್ನು ಮೆಟ್ರಿಯ ನಮ್ಮ ಮನೆಗೆ ಕರೆತಂದೆವು. ಬಂದ ಎರಡನೆಯ ವಾರಕ್ಕೇ ಅವಳಿಗೆ ಪುಂಡಿಪಲ್ಯದ ಆಸೆ ಹತ್ತಿತು. ಪುಂಡಿ ಎಂದರೆ ಹುಳಿ ಸೊಪ್ಪು. ನಮ್ಮಲ್ಲಿ ಬಾಣಂತಿಗೆ ಹುಳಿ ಕೊಡುವುದಿಲ್ಲ.

"ಮೂರು ತಿಂಗಳು ತುಂಬಲಿ ತಡಿ," ಎಂದೆ. "ಪ್ಯಾಟಿ ಸೊಪ್ಪು ಬ್ಯಾಡ. ಏನೇನು ಔಷಧಿ ಹೊಡದಿರ್ತಾರೋ ಏನೋ. ನಾನ ಬೆಳದು, ನಾನ ಮಾಡಿ ಹಾಕ್ತೀನಿ."

ಕಾಲುವೆ ನೀರಿನ ಊರು ನಮ್ಮದು. ಭತ್ತಕ್ಕೆ ಔಷಧಿ ಹೊಡೆಯುವ ಕಾಲದಲ್ಲಿ ಗಾಳಿಯೇ ಕಹಿಯಾಗುತ್ತದೆ. ಆ ನಂಜು ಮಗಳ ಹಾಲಿಗೆ ಬರಬಾರದು, ನನ್ನ ತಲೆಯಲ್ಲಿದ್ದದ್ದು ಇದೊಂದೇ.

ಬಾಣಂತಿಯ ಬಚ್ಚಲ ಹಿಂದೆ, ಅವಳು ಮಲಗುವ ಕೋಣೆಯ ಕಿಟಕಿಯ ಕೆಳಗೆ, ಒಂದು ಮಡಿ ಮಾಡಿ ಪುಂಡಿ ಬೀಜ ಚೆಲ್ಲಿದೆ. ಅದೇ ವಾರ ಹರಕೆಯ ಕಾಯಿ ಒಡೆಯಲು ಹಂಪಿಗೆ ಹೋಗಿದ್ದೆ. ಹೊಳೆಯ ದಂಡೆಯ ಒಂದು ಹಾಳು ಮಂಟಪದಲ್ಲಿ ಬೈರಾಗಿಯೊಬ್ಬ ಧುನಿಯ ಬೆಂಕಿ ಹಾಕಿಕೊಂಡು ಕುಳಿತಿದ್ದ. ಎಳೆ ಗಿಡಕ್ಕೆ ಹುಳ ಹತ್ತದಿರಲೆಂದು ಬೂದಿ ಎರಚುವುದು ನಮ್ಮ ರೂಢಿ. ಒಲೆಯ ಬೂದಿಗಿಂತ ಧುನಿಯ ಬೂದಿ ಹೆಚ್ಚು ಕಾಯುತ್ತದೆ ಎಂದು ನನಗೆ ಅನಿಸಿತು, ಕೂಸಿನ ತಾಯಿ ಉಣ್ಣುವ ಸೊಪ್ಪಲ್ಲವೇ! ಕೇಳಿದೆ. ಅವನು ಧುನಿಯ ಕಡೆ ಕೈ ತೋರಿಸಿದ. ಧುನಿಯ ಸುತ್ತಲಿನ ಕಸಕಡ್ಡಿಯ ಸಮೇತ ಗುಡಿಸಿ, ಚೀಲ ತುಂಬಿ ತಂದು, ಮಡಿಯ ಮೇಲೆಲ್ಲ ಎರಚಿದೆ.

ಬಿತ್ತಿದ್ದು ಒಂದು ಹಿಡಿ, ಎದ್ದದ್ದು ಏಳು ಗಿಡ. ಉಳಿದ ಬೀಜವನ್ನು ಇರುವೆ ಒಯ್ದಿರಬೇಕು ಎಂದುಕೊಂಡೆ. ಎದ್ದ ಏಳು ಮಾತ್ರ ಏನು ಎದ್ದವು! ವಾರಕ್ಕೊಂದು ಗೇಣು. ಪುಂಡಿಯ ಎಲೆಗೂ ಬೆರಳುಗಳಿರುತ್ತವೆ, ಇವಕ್ಕೂ ಇದ್ದವು. ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಾಗ, "ನೋಡಬೇ, ನಿನ್ನಂಗ ಅವಕ್ಕೂ ಕೈ ಬಂದಾವ," ಎಂದು ಮಾತಾಡಿಸುತ್ತಿದ್ದೆ. ಆಮೇಲೆ ಒಂದು ದಿನ ಎಣಿಸಿದೆ. ಒಂದು ಎಲೆಗೆ ಏಳು ಬೆರಳು, ಇನ್ನೊಂದಕ್ಕೆ ಒಂಬತ್ತು. ಗಾಳಿ ನಿಂತಾಗಲೂ ಅವು ಮೆಲ್ಲಗೆ ಆಡುತ್ತಿದ್ದವು, ಯಾರನ್ನೋ ಹತ್ತಿರ ಕರೆದ ಹಾಗೆ.

ಎರಡನೆಯ ತಿಂಗಳಲ್ಲಿ ಎಲೆಗಳ ಮೇಲೆ ಬಿಳಿ ಹಿಟ್ಟು ಉದುರಿದಂತೆ ಬೂದಿ ರೋಗ ಬಂತು. ಕುಡಿಗಳನ್ನು ತೀರಾ ಸಣ್ಣ ನುಸಿ ಬಲೆ ನೇಯ್ದು ಸುತ್ತಿಬಿಟ್ಟಿತು. ಕೂಸಿನ ಮುಖಕ್ಕೆ ಹೊದಿಸುವ ತೆಳು ಬಟ್ಟೆಯ ಹಾಗಿತ್ತು ಆ ಬಲೆ. ಯಾಕೋ ಅದನ್ನು ನೋಡಲಾಗಲಿಲ್ಲ. ಆವತ್ತೇ ಬೇವಿನ ಬೀಜ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ನೆನೆಹಾಕಿದೆ. ಮರುದಿನ ಹಿಂಡಿ, ಬೆಳ್ಳುಳ್ಳಿಯನ್ನೂ ಹಸಿಮೆಣಸಿನಕಾಯಿಯನ್ನೂ ಅರೆದು ಕೂಡಿಸಿದೆ. ಎಲೆಗೆ ಅಂಟಲೆಂದು ಸೀಗೆಕಾಯಿ ನೀರು ಬೆರೆಸಿದೆ. ಬೂದಿ ರೋಗಕ್ಕೆ ಐದು ದಿನ ಹುಳಿ ಬರಿಸಿದ ಮಜ್ಜಿಗೆಯನ್ನು ಬೇರೆಯಾಗಿ ಇಟ್ಟೆ. ದೀಪ ಹಚ್ಚುವ ಹೊತ್ತಿಗೆ, ಬಿಸಿಲು ಇಳಿದ ಮೇಲೆ, ಒಂದು ದಿನ ಇದು ಒಂದು ದಿನ ಅದು, ಎಲೆ ಮಗುಚಿ ಅಡಿಗೂ ಹೊಡೆಯುತ್ತಿದ್ದೆ.

ನಮ್ಮ ಯಜಮಾನರು ರೈಸ್ ಮಿಲ್ಲಿನಲ್ಲಿ ತೂಕ ನೋಡುವವರು. ಬಾಣಂತಿಯ ಬಚ್ಚಲ ಕಡೆ ಗಂಡಸರು ಕಾಲಿಡಬಾರದೆಂದು ಮೂರು ತಿಂಗಳೂ ಹಿತ್ತಲಿಗೆ ಬಂದವರಲ್ಲ. ಪಡಸಾಲೆಯಿಂದಲೇ ಕೂಗುತ್ತಿದ್ದರು: "ಹುಳಕ್ಕ ಹೊಡೀತೀಯೋ, ನನಗ ಹೊಡೀತೀಯೋ? ಈ ನಾತಕ್ಕ ನಾನ ಮನಿ ಬಿಟ್ಟು ಹೋಗಬೇಕಾಗೈತಿ!"

"ಹೋಗ್ರಿ, ಹೋಗ್ರಿ. ನಮ್ಮ ಕೂಸಿಗೆ ಜಾಗ ಆಗ್ತೈತಿ," ಎನ್ನುತ್ತಿದ್ದೆ.

ನಾತ ನನಗೂ ಬರುತ್ತಿತ್ತು. ಬೆಳ್ಳುಳ್ಳಿಯದು ಎಂದುಕೊಂಡೆ. ಎಲೆ ಮುಟ್ಟಿದರೆ ಬೆರಳು ಅಂಟುತ್ತಿತ್ತು. ಸೀಗೆಕಾಯಿಯದು ಎಂದುಕೊಂಡೆ. ಪಕ್ಕದ ಮನೆಯ ಮೇಕೆ ಗೋಡೆ ಹಾರಿ ಬಂದು ಬದನೆ ತಿಂದಿತು, ಟೊಮ್ಯಾಟೊ ತಿಂದಿತು. ಆ ಮಡಿಯ ಅಂಚಿಗೆ ಬಂದು ನಿಂತು, ಬಹಳ ಹೊತ್ತು ನೋಡಿ, ಹಿಂದೆ ಸರಿಯಿತು. ಬೇವಿನ ಕಹಿಗೆ ಹೆದರಿತು ಎಂದುಕೊಂಡೆ. ಯಾವುದನ್ನು ಕಂಡರೂ ನನ್ನ ಹತ್ತಿರ ಒಂದು ಉತ್ತರವಿತ್ತು, ಆ ಉತ್ತರ ನಾನೇ ಕಲಸಿದ ಬಕೆಟ್ಟಿನಲ್ಲಿತ್ತು.

ಉತ್ತರವಿಲ್ಲದ್ದು ಒಂದೇ. ಒಂದು ಸಂಜೆ ಎಲೆಗಳ ಅಡಿಗೆ ಮಜ್ಜಿಗೆ ಹೊಡೆದು ತಲೆಯೆತ್ತಿದರೆ ಜಾಲಿ ಬೇಲಿಯ ಆಚೆ ಒಬ್ಬ ನಿಂತಿದ್ದ. ಮೈತುಂಬ ಬೂದಿ, ಜಟೆ. ಬೂದಿ ಕೊಟ್ಟವನೋ ಬೇರೆಯವನೋ ಹೇಳಲಾಗಲಿಲ್ಲ. ಬೂದಿ ಬಳಿದ ಮುಖಗಳೆಲ್ಲ ನನಗೆ ಒಂದೇ ಥರ. ಎರಡೂ ಕೈ ಮುಗಿದು ಕಿಟಕಿಯ ಕಡೆ ನೋಡುತ್ತಿದ್ದ. ಕಿಟಕಿಯ ಒಳಗೆ ತೊಟ್ಟಿಲಿತ್ತು.

ಒಳಗೆ ಓಡಿ ಕೂಸನ್ನು ಎತ್ತಿಕೊಂಡೆ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದೆ. ದೃಷ್ಟಿ ತಗಲಿದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಮೆಣಸಿನಕಾಯಿ ಕಪ್ಪಾಗಿ ಸುಟ್ಟಿತು, ಒಬ್ಬರೂ ಕೆಮ್ಮಲಿಲ್ಲ.

"ಅವ್ವಾ, ಸಾಧು ಬಂದು ಕೈ ಮುಗದ್ರ ಛಲೋನ ಅಲ್ಲೇನು? ಕೂಸು ದೊಡ್ಡ ಪುಣ್ಯವಂತಿ ಇರಬೇಕು," ಎಂದು ಮಗಳು ನಕ್ಕಳು.

"ಪುಣ್ಯಾನೂ ಬ್ಯಾಡ, ಪಾಪಾನೂ ಬ್ಯಾಡ. ನಮ್ಮ ಪಾಡಿಗೆ ನಮ್ಮನ್ನ ಬಿಡ್ಲಿ ಸಾಕು," ಎಂದೆ.

ನಾಲ್ಕು ದಿನ ಬಿಟ್ಟು ಮತ್ತೆ ಬಂದ. ಈ ಸಲ ಧೈರ್ಯ ಮಾಡಿ, "ಯಾರಪಾ? ಏನ್ ಬೇಕು?" ಎಂದು ಕೂಗಿದೆ. ಅವನು ಬೆನ್ನು ತೋರಿಸದೆ, ಗುಡಿಯಿಂದ ಹೊರಬೀಳುವವರ ಹಾಗೆ ಹಿಂದೆ ಹಿಂದೆ ಹೆಜ್ಜೆ ಇಟ್ಟುಕೊಂಡು ಹೋದ. ಅವನು ಹೋದ ಮೇಲೆ ಆ ಮೂಲೆಯಲ್ಲಿ ಒಂದು ಜೀರುಂಡೆಯೂ ಕೂಗಲಿಲ್ಲ. ಏಳು ಗಿಡಗಳು ಮಾತ್ರ ಬೆರಳಾಡಿಸುತ್ತಿದ್ದವು. ಆವತ್ತಿನಿಂದ ಕಿಟಕಿ ತೆಗೆಯಲು ಬಿಡಲಿಲ್ಲ.

ಮೂರು ತಿಂಗಳು ತುಂಬಿತು. ಹತ್ತು ದಿನ ಮೊದಲೇ ಔಷಧಿ ಹೊಡೆಯುವುದು ನಿಲ್ಲಿಸಿದ್ದೆ. ನಡುವೆ ಎರಡು ಮಳೆ ಬಿದ್ದು ಎಲೆಗಳು ಫಳಫಳ ತೊಳೆದುಕೊಂಡಿದ್ದವು. ನಾತ ಮಾತ್ರ ಹೋಗಿರಲಿಲ್ಲ. ಸೊಪ್ಪು ಬಿಡಿಸಿ, ಜೋಳದ ನುಚ್ಚು ಹಾಕಿ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಸೌಟಿನ ತುದಿಯಿಂದ ನಾಲಿಗೆಗೆ ಇಟ್ಟುಕೊಂಡೆ. ಹುಳಿಯೇ ಇಲ್ಲ.

ಹುಳಿಯಿಲ್ಲದ ಪುಂಡಿಯನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆಗಲಾದರೂ ನಿಲ್ಲಬೇಕಿತ್ತು. ಬೇವಿನ ಕಷಾಯ ಹುಳಿಯನ್ನೆಲ್ಲ ಹೀರಿಬಿಟ್ಟಿದೆ ಎಂದುಕೊಂಡು ಹುಣಿಸೆಹಣ್ಣು ಕಿವುಚಿ ಹಾಕಿದೆ. ಮತ್ತೆ ರುಚಿ ನೋಡಿದೆ. ಮತ್ತೆ ಹಾಕಿದೆ. ಹುಳಿ ಪಲ್ಯದ ನೀರಿನಲ್ಲೇ ನಿಂತಿತು, ಎಲೆಯೊಳಗೆ ಹೋಗಲಿಲ್ಲ.

ಕೂಸು ಹಾಲು ಕುಡಿದು, ಎಣ್ಣೆನೀರು ಹಾಕಿಸಿಕೊಂಡು ಮಲಗಿತ್ತು. ಮಗಳು ರೊಟ್ಟಿಯ ತಾಟು ಮುಂದಿಟ್ಟುಕೊಂಡು ಕುಳಿತಳು. ಎರಡು ತುತ್ತಿಗೇ ಮುಖ ಕಿವುಚಿದಳು.

"ಅವ್ವಾ, ಪುಂಡಿ ಹಿಂಗ್ಯಾಕೈತಿ?"

"ಔಷಧಿ ಇಲ್ದ ಸೊಪ್ಪಿನ ರುಚಿ ಅದು. ನಿಮಗ ಪ್ಯಾಟಿದು ತಿಂದು ನಾಲಿಗಿ ಕೆಟ್ಟೈತಿ. ತಿನ್ನು."

ಪುಂಡಿಯ ಆಸೆಗೆ ಯಜಮಾನರೂ ಆವತ್ತು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದರು. ಹೊಸ್ತಿಲಲ್ಲೇ ನಿಂತು ಮೂಗು ಎಳೆದರು.

"ಯಾರ ಬಂದಿದ್ರು?"

"ಯಾರೂ ಇಲ್ರಿ."

ಒಳಗೆ ಬಂದು ಗಡಿಗೆಯ ಮುಚ್ಚಳ ತೆಗೆದರು. ವಯಸ್ಸಿದ್ದಾಗ ಸಂಡೂರಿನ ಅದಿರು ಲಾರಿ ಓಡಿಸಿದವರು. ಯಶವಂತನಗರದ ಕಡೆ ಲಾರಿ ಸಾಲಿನಲ್ಲಿ ಯಾರ ಯಾರ ಜೊತೆ ಕುಳಿತೆದ್ದಿದ್ದರೋ, ನನ್ನ ಔಷಧಿ ಮುಚ್ಚಿಟ್ಟಿದ್ದ ಆ ನಾತ ಅವರಿಗೆ ಗುರುತಿತ್ತು. ಮುಚ್ಚಳ ಮುಚ್ಚಿ, ಮೂರು ತಿಂಗಳಲ್ಲಿ ಮೊದಲ ಸಲ ಹಿತ್ತಲಿಗೆ ಹೋದರು. ಕಿಟಕಿ ತೆರೆದು ನೋಡಿದೆ. ಗಿಡಗಳ ಮುಂದೆ ತಲೆ ಹಿಡಿದುಕೊಂಡು ನಿಂತಿದ್ದರು. ಅವರ ಆಚೆ ಬೇಲಿ. ಬೈರಾಗಿ ಕೈ ಮುಗಿದದ್ದು ಯಾವುದಕ್ಕೆ ಎಂದು ಆ ಕ್ಷಣ ಕಂಡಿತು. ಕಿಟಕಿಗೂ ಅವನಿಗೂ ನಡುವೆ ಈ ಏಳು ಗಿಡ ನಿಂತಿದ್ದವು.

"ಎಷ್ಟು ತಿಂದ್ಳು?" ಒಳಗೆ ಬಂದು ಕೇಳಿದರು.

"ಅರ್ಧ ರೊಟ್ಟಿ."

"ಕೂಸಿಗೆ ಹಾಲು?"

"ಇನ್ನೂ ಎದ್ದಿಲ್ಲ."

"ಎದ್ರೂ ಕೊಡಬ್ಯಾಡ್ರಿ. ಅದು ಪುಂಡಿ ಅಲ್ಲ, ಗಾಂಜಾ."

ಮಗಳು ತಾಟನ್ನು ದೂರ ತಳ್ಳಿದಳು. ಧುನಿಯ ಸುತ್ತ ಗುಡಿಸಿದ ಕಸದಲ್ಲಿ ಆ ಬೀಜ ಬಂದಿತ್ತು. ಆಟೋ ಸಿಗಲು ಅರ್ಧ ಗಂಟೆ ಹಿಡಿಯಿತು. ಕಂಪ್ಲಿಯ ಆಸ್ಪತ್ರೆಯ ದಾರಿಯಲ್ಲಿ ಕೂಸು ನನ್ನ ತೊಡೆಯ ಮೇಲಿತ್ತು. ಮಗಳು ಅಳುತ್ತಿದ್ದವಳು ಇದ್ದಕ್ಕಿದ್ದಂತೆ ನಗತೊಡಗಿದಳು. "ಅವ್ವಾ, ಆಟೋದವನ ಕಿವಿ ನನ್ನ ನೋಡಾಕ್ಹತ್ತೈತಿ," ಎಂದಳು. ನಗು ನಿಲ್ಲಲಿಲ್ಲ. ಗದರಿಸಲು ಬಾಯಿ ತೆರೆದೆ, ಮಾತು ದೂರದಿಂದ, ಬೇರೆ ಯಾರದೋ ಗಂಟಲಿನಿಂದ ಬಂತು. ಆಗ ನೆನಪಾಯಿತು: ರುಚಿ ನೋಡುತ್ತ ನೋಡುತ್ತ ನಾನೂ ಸಾಕಷ್ಟು ತಿಂದಿದ್ದೆ.

ಕಾಲುವೆಯ ನೀರು ನಿಂತಿತ್ತು, ದಂಡೆಯ ಮರಗಳು ಹರಿಯುತ್ತಿದ್ದವು. ಅದೇ ತಿರುವು ಮತ್ತೆ ಮತ್ತೆ ಬರುತ್ತಿತ್ತು. ಕೂಸು ಕಣ್ಣು ತೆರೆದು ನನ್ನನ್ನೇ ನೋಡಿತು. ಬಹಳ ವಯಸ್ಸಾದವರ ನೋಟ. ಇದು ನಮ್ಮ ಕೂಸೋ ಅಲ್ಲವೋ ಎಂಬ ಅನುಮಾನ ಬಂತು. ನನ್ನ ಕೈಗಳು ನನ್ನವಲ್ಲ, ಕೂಸನ್ನು ಎಲ್ಲಿ ಬಿಟ್ಟುಬಿಡುತ್ತವೋ ಎನಿಸಿತು. ಸೆರಗು ಬಿಚ್ಚಿ ಕೂಸನ್ನು ಎದೆಗೆ ಸುತ್ತಿ, ಯಜಮಾನರ ಕೈಯಿಂದ ಮೂರು ಗಂಟು ಹಾಕಿಸಿದೆ. "ನಾನು ಬಿಚ್ಚು ಅಂದ್ರೂ ಬಿಚ್ಚಬ್ಯಾಡ್ರಿ," ಎಂದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಏನು ತಿಂದಿರಿ ಎಂದು ಕೇಳಿದರು. ಯಜಮಾನರು ಪೊಲೀಸರ ಹೆದರಿಕೆಗೆ, "ಏನೋ ಸೊಪ್ಪು ಬಿಡ್ರಿ ಮೇಡಂ," ಎಂದು ತೇಲಿಸಿದರು. ಕೂಸು ಹಸಿದು ಸೆರಗಿನೊಳಗೆ ಬಾಯಿ ಆಡಿಸುತ್ತಿತ್ತು. ನನಗೆ ಪೊಲೀಸರೂ ಬೇಡ, ಮಾನವೂ ಬೇಡ.

"ಗಾಂಜಾ ರೀ. ಪುಂಡಿ ಅಂತ ನಾನ ಬೆಳಸೀನಿ. ಹುಳ ಹತ್ತಬಾರದಂತ ಔಷಧಿ ಸೈತ ಹೊಡದೀನಿ."

"ಏನ್ ಔಷಧಿ?" ಅವರು ಗಾಬರಿಯಾದರು.

"ಬೇವಿನ ಬೀಜ, ಬೆಳ್ಳುಳ್ಳಿ, ಮೆಣಸಿನಕಾಯಿ, ಹುಳಿ ಮಜ್ಜಿಗಿ."

ಡಾಕ್ಟರಮ್ಮ, "ಔಷಧಿ ಛಲೋನ ಹೊಡದೀರಿ ಅಜ್ಜಿ. ಗಿಡ ಅಷ್ಟ ತಪ್ಪೈತಿ," ಎಂದರು. ಆಮೇಲೆ ಗಟ್ಟಿಯಾಗಿ ಹೇಳಿದರು: ಗಿಡ ಇವತ್ತೇ ಕಿತ್ತು ಹೂಳಬೇಕು, ಒಂದು ಎಲೆಯೂ ಉಳಿಯಬಾರದು. ತಾವು ಹೇಳುವ ತನಕ ಎದೆಹಾಲು ಕೊಡಬಾರದು, ಹಿಂಡಿ ಚೆಲ್ಲಬೇಕು, ಕೂಸಿಗೆ ಪುಡಿ ಹಾಲು ಚಮಚದಲ್ಲಿ ಕುಡಿಸಬೇಕು.

ಕೂಸು ಚಮಚವನ್ನು ಉಗುಳಿತು. ಸಂಜೆಯವರೆಗೆ ಅತ್ತು ಅತ್ತು ದನಿ ಒಡೆಯಿತು. ನಗು ಇಳಿದ ಮಗಳು ಗೋಡೆಗೆ ಮುಖ ಮಾಡಿ ಹಾಲು ಹಿಂಡಿ ಹಿಂಡಿ ಮೋರಿಗೆ ಚೆಲ್ಲುತ್ತಿದ್ದಳು. ಹನ್ನೊಂದು ವರ್ಷ ಕಾಯ್ದ ಹಾಲು. ಯಜಮಾನರು ಊರಿಗೆ ಹೋಗಿ ಗಿಡ ಕಿತ್ತು, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂತು ಬರುವ ಹೊತ್ತಿಗೆ ಕೂಸು ಸೋತು ನಾಲ್ಕು ಚಮಚ ನುಂಗಿತು. ಆ ನಾಲ್ಕನ್ನು ನಾನು ಬೆರಳು ಮಡಚಿ ಎಣಿಸಿದೆ. ಬೆರಳು ಮತ್ತೆ ನನ್ನವಾಗಿದ್ದವು.

ಡಾಕ್ಟರಮ್ಮ ಸರಿ ಎನ್ನಲು ಹಲವು ದಿನ ಬೇಕಾದವು. ಅಷ್ಟರಲ್ಲಿ ಕೂಸು ಎದೆಯನ್ನೇ ಮರೆತಿದ್ದರೆ ಎಂಬ ಚಿಂತೆ ನನ್ನನ್ನು ಕೊಲ್ಲುತ್ತಿತ್ತು. ಆವತ್ತು ಮಧ್ಯಾಹ್ನ ಮಗಳು ಅದನ್ನು ಎದೆಗೆ ಹಚ್ಚಿಕೊಂಡಳು. ಮುಖ ತಿರುಗಿಸಿತು. ಮತ್ತೆ ಹಚ್ಚಿದಳು. ಮೂಸಿತು, ಅತ್ತಿತು, ಮತ್ತೆ ಮೂಸಿತು. ಆಮೇಲೆ ಗಟ್ಟಿಯಾಗಿ ಹಿಡಿಯಿತು. ಗುಟುಕ್, ಗುಟುಕ್. ಕೋಣೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಆ ಸದ್ದು ನಿಂತೀತೆಂದು ನಾನು ಉಸಿರನ್ನೂ ಜೋರಾಗಿ ಬಿಡಲಿಲ್ಲ.

"ಅವ್ವಾ, ಹಂಗ ಅಳಬ್ಯಾಡ. ಹೋಗಿ ಒಂದಿಷ್ಟು ಅನ್ನ ಸಾರು ಮಾಡು, ಹಸಿವಾಗೈತಿ," ಎಂದಳು ಮಗಳು. "ಪ್ಯಾಟಿ ಸೊಪ್ಪ ಹಾಕು. ನೀ ಬೆಳದಿದ್ದು ಬ್ಯಾಡ."

"ಹೂಂ," ಎಂದೆ. ಕೂಸು ಕುಡಿದು ಮುಗಿಸುವವರೆಗೆ ಮಾತ್ರ ನಾನು ಅಲ್ಲಿಂದ ಏಳಲಿಲ್ಲ.